ಕತ್ತಿನ ಕೆಳಗಿನ ಹೆಸರುಗಳು

“ನುಡಿಸು, ಮಾರು, ಬೇಕಾದ್ರೆ ಗೋಡೆಗೆ ನೇತುಹಾಕು. ಈ ಗಿಟಾರಿನ ಕತ್ತು ಮಾತ್ರ ಬಿಚ್ಚಬೇಡ,” ಎಂದಳು ಮುದುಕಿ. “ಬಿಚ್ಚಿದ್ರೂ ಒಳಗೆ ಹೆಸರು ಬರೀಬೇಡ. ನದೀಮೂಲ ಋಷಿಮೂಲ ಹುಡುಕಬಾರದು ಅಂತಾರಲ್ಲಪ್ಪಾ, ಇದರದ್ದೂ ಹಾಗೇ ಅಂದ್ಕೋ.”

ಅವನು ನಕ್ಕುಬಿಟ್ಟ. ಎಲೆಕ್ಟ್ರಿಕ್ ಗಿಟಾರುಗಳ ಮೂಲ ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನ ಮುಂದೆ ಹೇಳುವ ಮಾತೇ ಇದು? ಅವನಿಗೆ ಜನ ಇಟ್ಟ ಹೆಸರೇ ಪತ್ತೇದಾರ. ಈ ಊರಿಗೆ ಬಂದು ಆರು ತಿಂಗಳಾಗಿತ್ತಷ್ಟೆ. ಅಷ್ಟರಲ್ಲೇ ಹೆಸರಿಲ್ಲದ, ನಂಬರಿಲ್ಲದ, ತಂದೆತಾಯಿ ಯಾರೆಂದು ಗೊತ್ತಿಲ್ಲದ ಗಿಟಾರುಗಳನ್ನೆಲ್ಲ ಹೊತ್ತುಕೊಂಡು ಜನ ಅವನ ಬಳಿ ಬರುತ್ತಿದ್ದರು. ಅವನು ಬೆನ್ನಿನ ನಾಲ್ಕು ಸ್ಕ್ರೂ ತೆಗೆದು, ಉದ್ದದ ಕತ್ತನ್ನು ಒಡಲಿನಿಂದ ಬಿಡಿಸಿ, ಕತ್ತು ಕೂರುವ ಕುಳಿಗೆ ಮೂಗಿಟ್ಟು ಅಂಟಿನ ವಾಸನೆ ನೋಡುತ್ತಿದ್ದ. ಆಮೇಲೆ ಇದು ಇಂಥ ಕಾಲದ್ದು, ಇಂಥ ಬಗೆಯ ಕಾರ್ಖಾನೆಯದ್ದು ಎಂದು ಜಾತಕವನ್ನೇ ಓದಿಬಿಡುತ್ತಿದ್ದ. ತಪ್ಪಿದ್ದು ಕಡಿಮೆ. ಆ ಜಂಬವೂ ಇತ್ತು.

“ಅಜ್ಜಿ, ಹೆಸರು ಕೆತ್ತೋಕೆ ನಾನೇನು ಸ್ಕೂಲ್ ಹುಡುಗನಾ?” ಎಂದ.

ಮುದುಕಿ ನಗಲಿಲ್ಲ. ಅವಳ ಗಂಡನೂ ವಾದ್ಯ ರಿಪೇರಿ ಮಾಡುತ್ತಿದ್ದವನಂತೆ, ಹೋದ ವರ್ಷ ತೀರಿಕೊಂಡನಂತೆ. ಅಂಗಡಿಯ ಸಾಮಾನನ್ನೆಲ್ಲ ಬಂದಷ್ಟಕ್ಕೆ ಮಾರಿ ಬಾಗಿಲು ಹಾಕುವ ಯೋಚನೆ ಅವಳದು. ಅರ್ಧ ಇಳಿಸಿದ ಶಟರಿನ ಒಳಗೆ ಹಗಲಲ್ಲೂ ಕತ್ತಲೆ. ತುಕ್ಕು, ಇಲಿಯ ಹಿಕ್ಕೆ, ಹಳೆಯ ಮರವಜ್ರದ ಅಂಟು ಎಲ್ಲ ಬೆರೆತು ಗಂಟಲಿಗೆ ಅಡರುವ ವಾಸನೆ. ಆ ಕತ್ತಲೆಯಿಂದ ಅವಳು ಬಟ್ಟೆಯಲ್ಲಿ ಹಿಡಿದು ತಂದದ್ದು ಒಂದು ಕಪ್ಪು ಗಿಟಾರು. ಒಡಲು ಚಿಕ್ಕದು. ತಲೆಯ ಮೇಲಿದ್ದ ಕಂಪನಿಯ ಹೆಸರನ್ನು ಯಾರೋ ಚಾಕುವಿನಿಂದ ಹೆರೆದು ತೆಗೆದಿದ್ದರು. ಬೆಲೆ ಕೇಳಿದರೆ ಒಂದು ಜೊತೆ ಹೊಸ ತಂತಿಗಿಂತ ಕಡಿಮೆ ಹೇಳಿದಳು.

ಎಂಟು ವರ್ಷದ ಮಗಳ ತೋಳಿಗೆ ಸರಿಯಾಗಿ ಕೂರುವ ಗಿಟಾರನ್ನು ಅವನು ತಿಂಗಳುಗಟ್ಟಲೆ ಹುಡುಕುತ್ತಿದ್ದ. ಮಗಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ತನ್ನ ಕೈಗೆ ಬಾರದ ವಿದ್ಯೆ ಅವಳ ಕೈಗೆ ಬಂದಿತ್ತು. ಅವನು ಜನ್ಮವಿಡೀ ಗಿಟಾರು ಬಿಚ್ಚಿದವನೇ ಹೊರತು ನುಡಿಸಿದವನಲ್ಲ. ಅವಳು ಒಮ್ಮೆ ಕೇಳಿದ್ದನ್ನು ಸಂಜೆಯೊಳಗೆ ನುಡಿಸುತ್ತಿದ್ದಳು. ಅವಳ ಬೆರಳು ನೋಡುತ್ತ ಅವನಿಗೆ ಎಷ್ಟೋ ಸಲ ಕಣ್ಣು ತುಂಬುತ್ತಿತ್ತು, ಧೂಳು ಎಂದು ಸುಳ್ಳು ಹೇಳುತ್ತಿದ್ದ.

ಹುಟ್ಟುಗುಣ ಸುಟ್ಟರೂ ಹೋಗದು. ಮನೆಗೆ ಬಂದವನೇ ಗಿಟಾರನ್ನು ಕೆಳಗಿನ ಕೆಲಸದ ಕೋಣೆಗೆ ಒಯ್ದು, ಮೇಜಿನ ಮೇಲೆ ಬೋರಲು ಹಾಕಿ, ನಾಲ್ಕು ಸ್ಕ್ರೂಗಳನ್ನೂ ತೆಗೆದ. ನೆಲದಡಿಯ ಕೋಣೆ ಅದು. ರಸ್ತೆಯ ಮಟ್ಟಕ್ಕೆ ಒಂದು ಗವಾಕ್ಷಿ ಬಿಟ್ಟರೆ ಬೆಳಕಿಗೆ ದಾರಿಯಿಲ್ಲ. ಮೂಲೆಯಲ್ಲಿ ಮರ ಕೊಯ್ಯುವ ಗರಗಸದ ಯಂತ್ರ, ಮೇಜಿನ ಪಕ್ಕ ಗುಬ್ಬಿಯ ಕುರ್ಚಿ. ತಲೆಯ ಮೇಲೆ, ಮನೆಯಲ್ಲಿ, ಹೆಂಡತಿಯ ಹೊಲಿಗೆ ಯಂತ್ರದ ಸದ್ದು.

ಕತ್ತು ಬಿಡಿಸಿದಾಗ ಕುಳಿಯಿಂದ ಬಂದದ್ದು ಅಂಟಿನ ವಾಸನೆಯಲ್ಲ. ಕಬ್ಬಿಣದ ಘಾಟು. ಮರಕ್ಕೆ ಏನೋ ಕಡುಗೆಂಪು ಇಂಗಿಹೋಗಿತ್ತು. ಅದರ ಮೇಲೆ ಹೆಸರುಗಳಿದ್ದವು.

ಅದರಲ್ಲೇನೂ ವಿಶೇಷವಿರಲಿಲ್ಲ. ಗಿಟಾರು ರಿಪೇರಿ ಮಾಡಿದವನು ಆ ಕುಳಿಯಲ್ಲಿ ಪೆನ್ಸಿಲಿನಿಂದ ಹೆಸರು, ತಾರೀಕು ಬರೆದು ಮುಚ್ಚುವುದು ಈ ಕಸುಬಿನವರ ಹಳೆಯ ರೂಢಿ. ಗಿರಾಕಿಗೆ ಅದು ಕಾಣುವುದಿಲ್ಲ. ಮುಂದೆ ಎಂದೋ ಬಿಚ್ಚುವ ಇನ್ನೊಬ್ಬ ರಿಪೇರಿಯವನಿಗೆ ಹೇಳುವ ನಮಸ್ಕಾರ ಅದು. ಇಲ್ಲಿ ಮೊದಲನೆಯದು ಶಾಯಿಯ ಸಹಿ, ‘ಸರಿ ಇದೆ’ ಎಂಬ ಮುದ್ರೆಯ ಮೇಲೆ. ಅದು ಕಾರ್ಖಾನೆಯ ತಪಾಸಣೆಯವನದು. ಕೆಳಗೆ ಪೆನ್ಸಿಲಿನಲ್ಲಿ ಇಬ್ಬರ ಹೆಸರು. ಎರಡನೆಯವನ ಹೆಸರು ಎರಡು ಸಲ ಇತ್ತು. ಒಮ್ಮೆ ಮುತ್ತಿನಂಥ ಅಕ್ಷರದಲ್ಲಿ. ಇನ್ನೊಮ್ಮೆ ಅಡ್ಡಾದಿಡ್ಡಿಯಾಗಿ, ಯಾವುದೋ ಬೇರೆ ಹೆಸರಿನ ಮೇಲೆಯೇ ಒತ್ತಿ ಒತ್ತಿ ಬರೆದದ್ದು.

“ಕುಡಿದು ಬರೆದಿರಬೇಕು, ಪುಣ್ಯಾತ್ಮ,” ಎಂದ ಪತ್ತೇದಾರ.

ಗುಬ್ಬಿ ಕುರ್ಚಿಯ ಮೇಲೆ ನಿಂತು ನೋಡುತ್ತಿದ್ದಳು. “ಅಪ್ಪಾ, ನಾವು ಬರೀಬೇಕಲ್ವಾ?”

ನಾಲ್ಕು ವರ್ಷದವಳಿದ್ದಾಗಿನಿಂದ ಅವನು ರಿಪೇರಿ ಮಾಡಿದ ಪ್ರತಿ ಗಿಟಾರಿನಲ್ಲೂ ಅವನ ಹೆಸರಿನ ಕೆಳಗೆ ಅವಳದ್ದು ಇರುತ್ತಿತ್ತು. ಅಪ್ಪ-ಮಗಳ ಗುಟ್ಟು ಅದು. ಅವನಿಗೆ ಒಂದು ಗಳಿಗೆ ಮುದುಕಿಯ ಮುಖ ನೆನಪಾಯಿತು. ನೆನಪಾದದ್ದಕ್ಕೇ ನಗು ಬಂತು. ಕಿವಿಯ ಮೇಲಿನ ಪೆನ್ಸಿಲು ತೆಗೆದು ಹೆಸರು ಬರೆದ, ತಾರೀಕು ಹಾಕಿದ. ಗುಬ್ಬಿ ನಾಲಿಗೆಯ ತುದಿ ಕಚ್ಚಿಕೊಂಡು, ಕೆಳಗೆ ತನ್ನದನ್ನು ದುಂಡಗೆ ಬರೆದಳು. ರಾತ್ರಿ ಊಟಕ್ಕೆ ಕೂತಾಗ ಮುದುಕಿಯ ಮಾತನ್ನು ಹೆಂಡತಿಗೆ ಜೋಕು ಮಾಡಿ ಹೇಳಿದ.

ಮರುದಿನ ಪಿಕಪ್ಪು ಅವನನ್ನು ಕಾಡಿತು. ತಂತಿ ಅಲುಗಿದ್ದನ್ನು ಹಿಡಿದು ಸ್ಪೀಕರಿಗೆ ಕಳಿಸುವ ಭಾಗ ಅದು. ಒಳಗೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೀಟರು ಇಟ್ಟು ನೋಡಿದರೆ ಮುಳ್ಳು ಅಲುಗಲಿಲ್ಲ. ಪಿಕಪ್ಪು ಸತ್ತಿದೆ ಎಂದರ್ಥ. ಆದರೂ ಸ್ಪೀಕರಿಗೆ ಜೋಡಿಸಿದಾಗ ಸದ್ದು ಬಂತು. ಕತ್ತಿಲ್ಲದ, ಒಂದೂ ತಂತಿಯಿಲ್ಲದ ಆ ಒಡಲಿನಿಂದ, ಯಾರೂ ಮುಟ್ಟದೆ, ಜುಂಯ್ ಎಂದು ಒಂದೇ ಸಮನೆ. ಮರ ಕೊಯ್ಯುವ ಸದ್ದು. ನಡುವೆ ಒಮ್ಮೆ ಗರಗಸಕ್ಕೆ ಮರಕ್ಕಿಂತ ಮೆತ್ತಗಿನದೇನೋ ಸಿಕ್ಕಿದಂತೆ ಸ್ವರ ಇಳಿಯಿತು, ಮತ್ತೆ ಏರಿತು.

ಅವನು ವಯರು ಕಿತ್ತು ಪಿಕಪ್ಪಿನ ಮುಚ್ಚಳ ಬಿಡಿಸಿದ. ಒಳಗೆ ತಾಮ್ರವಿರಲಿಲ್ಲ. ಕೂದಲಿತ್ತು. ಎಣ್ಣೆಯ ಕಮಟು ಇನ್ನೂ ಆರದ, ಅರ್ಧ ಕಪ್ಪು ಅರ್ಧ ನರೆತ, ಹೆಂಗಸಿನ ಉದ್ದ ಕೂದಲು. ಒಂದಕ್ಕೊಂದು ಗಂಟು ಹಾಕಿ, ಸಾವಿರಾರು ಸುತ್ತು, ಒಂದು ಎಳೆಯೂ ತಪ್ಪದ ಹಾಗೆ ಸುತ್ತಿದ್ದರು. ನಡುವೆ ಒಂದು ಉಗುರು. ಬುಡದ ಮಾಂಸ ಒಣಗಿ ಅಂಟಿಕೊಂಡ ಇಡೀ ಉಗುರು.

ಅವನು ಕೈ ಹಿಂದಕ್ಕೆಳೆದುಕೊಂಡ. ಆಗ ಕಾಣಿಸಿತು. ಬಲ ಮಣಿಕಟ್ಟಿನ ಸುತ್ತ ಕೆಂಪು ಗೆರೆ, ದಾರ ಬಿಗಿದು ಕಟ್ಟಿ ಬಿಚ್ಚಿದಂತೆ.

“ಇಬ್ರೂ ಅದೇನು ಮುಟ್ಟಿದ್ರಿ?” ಮೆಟ್ಟಿಲ ಮೇಲಿಂದ ಅವನ ಕೈ ನೋಡಿ ಹೆಂಡತಿ ಕೇಳಿದಳು. “ಗುಬ್ಬಿ ಕೈಗೂ ಹಾಗೇ ಆಗಿದೆ.”

“ವಾರ್ನಿಷ್ ಆಗಿರಬೇಕು. ಸೋಪು ಹಾಕಿ ತೊಳಿ,” ಎಂದ.

ಮೂರನೆಯ ದಿನ ಬೆಳಿಗ್ಗೆ ಗೆರೆ ಬಾಯಿ ತೆರೆದಿತ್ತು. ಇಬ್ಬರ ಮಣಿಕಟ್ಟಿನಲ್ಲೂ ಸುತ್ತ ಸಣ್ಣಗೆ ರಕ್ತ ಜಿನುಗುತ್ತಿತ್ತು. ಹೆಂಡತಿ ಮಗಳನ್ನು ಶಾಲೆಗೆ ಕಳಿಸಲಿಲ್ಲ. ಕೆಳಗಿಳಿದು ಬಂದು ಗಂಡನ ಮುಂದೆ ನಿಂತಳು.

“ಆ ಹೆಸರು ಅಳಿಸ್ರೀ.”

“ನೀನೂ ಶುರು ಮಾಡಿದೆಯಾ?”

“ನಂಗೊತ್ತಿಲ್ಲ. ಮೊದ್ಲು ಅಳಿಸಿ, ಆಮೇಲೆ ನಗಿ.”

ಅವನು ಮರಳುಕಾಗದ ತೆಗೆದುಕೊಂಡು ತನ್ನ ಹೆಸರಿನ ಮೊದಲ ಅಕ್ಷರದ ಮೇಲೆ ಒಂದು ಸಲ ಉಜ್ಜಿದ. ಒಂದೇ ಸಲ. ಬಲ ಅಂಗೈಯ ಚರ್ಮ ಹೆಬ್ಬೆರಳ ಬುಡದಿಂದ ಕಿರುಬೆರಳ ತನಕ ಸಿಪ್ಪೆಯ ಹಾಗೆ ಸುಲಿದು ಸುರುಟಿಕೊಂಡಿತು. ಮರದ ಮೇಲೆ ಅಕ್ಷರ ಅರ್ಧ ಮಾಸಿತ್ತು. ಮಗಳ ಹೆಸರಿನತ್ತ ನೋಡಿದ. ಮರಳುಕಾಗದವನ್ನು ದೂರ ಎಸೆದ. ಕೈಗೆ ಬಟ್ಟೆ ಸುತ್ತಿಕೊಂಡು ಮುದುಕಿಯ ಅಂಗಡಿಗೆ ಓಡಿದ.

ಅವಳು ಬಟ್ಟೆಯನ್ನು ನೋಡಿದಳು. ಎಲ್ಲ ತಿಳಿದವಳಂತೆ ಸ್ಟೂಲು ತಳ್ಳಿದಳು. ಅವನು ಕೂರಲಿಲ್ಲ.

“ಎಲ್ಲಿಂದ ಬಂತು ಅದು? ಹೇಳಿ ಅಜ್ಜಿ.”

“ಮೊದ್ಲೇ ಹೇಳಿದ್ನಲ್ಲಪ್ಪಾ.”

“ನನ್ನ ಮಗಳೂ ಬರೆದಿದ್ದಾಳೆ.”

ಮುದುಕಿ ಶಟರಿನ ಕೆಳಗಿನ ಬಿಸಿಲನ್ನೇ ನೋಡುತ್ತ, ತಡೆದು ತಡೆದು ಹೇಳಿದಳು. ಅವಳ ಗಂಡನೂ ಮೂಲ ಹುಡುಕಿಕೊಂಡು ಕಾರ್ಖಾನೆಯವರೆಗೂ ಹೋಗಿದ್ದನಂತೆ. ಅಗ್ಗದ ಗಿಟಾರು ಮಾಡುವ ಕಾರ್ಖಾನೆ. ಅಲ್ಲಿ ಒಬ್ಬ ಹೆಂಗಸು ಪಿಕಪ್ಪು ಸುತ್ತುತ್ತಿದ್ದಳು, ಮಗ ಗರಗಸದ ಮುಂದೆ. ಗರಗಸದ ಹಲ್ಲು ಮುಚ್ಚುವ ಕಾಪು ಮುರಿದಿದೆ ಎಂದು ಮಗ ಮೂರು ಸಲ ಹೇಳಿದ. ತಪಾಸಣೆಯವನು ಮೂರು ಸಲವೂ ‘ಸರಿ ಇದೆ’ ಎಂದು ಸಹಿ ಹಾಕಿದ. ನಾಲ್ಕನೆಯ ದಿನ ಮಗನ ಕೈ ಮಣಿಕಟ್ಟಿನಲ್ಲಿ ತುಂಡಾಗಿ ಮರದ ಪುಡಿಯಲ್ಲಿ ಬಿತ್ತು. ಯಂತ್ರ ನಿಲ್ಲಿಸಲಿಲ್ಲ. ರಕ್ತ ಹರಿದು ಹರಿದು ಹುಡುಗ ಸತ್ತ. ಆ ರಕ್ತ ಕುಡಿದ ಮರಕ್ಕೂ ಕಪ್ಪು ಬಣ್ಣ ಬಳಿದು, ತಪಾಸಣೆಯವನು ಅದರ ಕುಳಿಯಲ್ಲೂ ‘ಸರಿ ಇದೆ’ ಎಂದು ಸಹಿ ಮಾಡಿದ.

“ಅವಳು ತನ್ನ ತಲೆಗೂದಲನ್ನೇ ಕಿತ್ತು ಕಿತ್ತು ಸುತ್ತಿದ್ಲಂತೆ. ಮಗನ ಉಗುರು ಇಟ್ಟು, ಸುತ್ತು ಸುತ್ತಿಗೂ ಒಂದೇ ಮಾತು: ‘ಇದರ ಮೇಲೆ ಸಹಿ ಹಾಕಿದ ಕೈ ನನಗೆ ಬೇಕು. ಮೂರನೇ ದಿನದೊಳಗೆ ಬೇಕು.’ ಯಾರ ಕೈ ಅಂತ ಹೇಳ್ಲಿಲ್ಲ. ಸಾಕು ಅಂತ ಯಾವತ್ತೂ ಹೇಳ್ಲಿಲ್ಲ. ತಪಾಸಣೆಯವನ ಕೈ ಹೋಯ್ತು. ಮಾಟ ಹಾಗೇ ಉಳೀತು. ಅವಳೂ ಸತ್ತಳು. ಇನ್ಯಾರು ಬಿಡಿಸ್ತಾರೆ?”

“ಸುಟ್ಟುಬಿಟ್ರೆ?”

“ನನ್ನ ಗಂಡ ಬೆಂಕಿ ತೋರಿಸಿದ್ರು. ಕೈ ಬೆಂದಿದ್ದು ಅವರದ್ದೇ. ಮೂರನೇ ದಿನ ಎರಡೂ ಕೈ ಹೋಯ್ತು. ಹನ್ನೊಂದು ವರ್ಷ ನಾನೇ ತುತ್ತಿಟ್ಟೆ.”

“ಎರಡೂ? ಸಹಿ ಹಾಕೋದು ಒಂದೇ ಕೈಯಲ್ಲಿ ಅಲ್ವಾ?”

ಮುದುಕಿ ತನ್ನ ಎರಡು ಕೈಗಳನ್ನೂ ಮುಂದೆ ಚಾಚಿದಳು. ಸುಕ್ಕುಗಟ್ಟಿದ, ಇಡಿಯಾದ ಕೈಗಳು. ಬಲ ಮಣಿಕಟ್ಟಿನ ಸುತ್ತ ಹಳೆಯ ಬಿಳಿ ಗೆರೆ.

“ನಾನೂ ಅವರ ಜೊತೆ ಕೆಲಸ ಮಾಡ್ತಿದ್ದೆ. ಅವರ ಹೆಸರು ಎರಡು ಸಲ ಇತ್ತಲ್ಲಪ್ಪಾ, ನೋಡ್ಲಿಲ್ವಾ? ಒಂದರ ಕೆಳಗೆ ನಂದಿತ್ತು.”

ಅವನು ಅವಳ ಮುಖ ನೋಡಿದ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಮಾತನ್ನು ಅವನು ಎಷ್ಟು ಜನಕ್ಕೆ ಹೇಳಿ ನಕ್ಕಿದ್ದನೋ. ಈಗ ಅವನಿಗೇ ಹೇಳುವವರು ಯಾರೂ ಬೇಕಿರಲಿಲ್ಲ. ತಿರುಗಿ ಓಡಿದ.

ಬೀದಿಯಲ್ಲಿ ಕರೆಂಟು ಹೋಗಿತ್ತು. ಅಂಗಡಿಗಳ ಫ್ಯಾನುಗಳು ನಿಂತಿದ್ದವು. ಮನೆಯ ಮುಂದೆ ಬಂದಾಗ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಆದರೆ ನೆಲದ ಅಡಿಯಿಂದ ಜುಂಯ್ ಎನ್ನುವ ಸದ್ದು ಬರುತ್ತಿತ್ತು.

ಗರಗಸ.

ಕರೆಂಟಿಲ್ಲ. ಗರಗಸ ಓಡುತ್ತಿದೆ.

ಮೆಟ್ಟಿಲಲ್ಲಿ ಜಾರಿ ಬಿದ್ದ. ಎದ್ದ. ಕೋಣೆಯಲ್ಲಿ ಕತ್ತಲೆ. ಗವಾಕ್ಷಿಯ ಒಂದು ಪಟ್ಟಿ ಬೆಳಕು ಗರಗಸದ ಹಲ್ಲಿನ ಮೇಲೆ ಬಿದ್ದು ನಡುಗುತ್ತಿತ್ತು. ಗುಬ್ಬಿ ಅದರ ಮುಂದೆ ನಿಂತಿದ್ದಳು. ಬಲಗೈ ನೆಟ್ಟಗೆ ಚಾಚಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದಳು. ಹೆಂಡತಿ ಅವಳ ಸೊಂಟ ತಬ್ಬಿ ನೆಲಕ್ಕೆ ಕಾಲು ಕೊಟ್ಟು ಎಳೆಯುತ್ತಿದ್ದಳು. ಇಬ್ಬರೂ ಇಂಚು ಇಂಚಾಗಿ ಮುಂದೆ ಜಾರುತ್ತಿದ್ದರು.

“ಅಪ್ಪಾ,” ಎಂದಳು ಗುಬ್ಬಿ. “ಕೈ ನನ್ನ ಮಾತು ಕೇಳ್ತಿಲ್ಲ.”

ಅವನು ಮಗಳನ್ನು ಹಿಡಿದು ಎಳೆದ. ಅವಳ ಭುಜ ಲಟಕ್ಕೆಂದಿತು. ಅವಳು ಚೀರಿದಳು. ಕೈ ಹಿಂದೆ ಬರಲಿಲ್ಲ. ಅವನ ಬಲಗೈ ಅವಳನ್ನು ಬಿಟ್ಟು ತಾನೂ ಗರಗಸದ ಕಡೆ ಹೊರಟಿತು. ಎಡಗೈಯಿಂದ ಪ್ಲಗ್ಗು ಕಿತ್ತ. ಗರಗಸ ನಿಲ್ಲಲಿಲ್ಲ. ಕಬ್ಬಿಣದ ಸರಳು ತೂರಿಸಿದ. ಸರಳು ತುಂಡಾಗಿ ಹಾರಿ ಅವನ ಕೆನ್ನೆ ಸೀಳಿತು. ಬಿಸಿ ರಕ್ತ ಬಾಯಿಗೆ ಇಳಿಯಿತು. ಎಡಗೈಯಿಂದ ಮತ್ತೆ ಮಗಳನ್ನು ಹಿಡಿದ. ಸದ್ದು ಏರಿತು. ಸುಟ್ಟ ಕೂದಲಿನ ವಾಸನೆ.

ಗುಬ್ಬಿಯ ನಡುಬೆರಳು ಹಲ್ಲಿಗೆ ತಾಗಿತು. ಉಗುರು ಹಾರಿತು. ಗೋಡೆಗೆ ರಕ್ತ ಚಿಮ್ಮಿತು.

ಗಿಟಾರಿನ ಒಡಲು ಮೇಜಿನ ಮೇಲಿತ್ತು. ಮೂರು ಹೆಜ್ಜೆ. ಅಲ್ಲಿಗೆ ಹೋಗಬೇಕಾದರೆ ಮಗಳನ್ನು ಬಿಡಬೇಕು.

“ಗಟ್ಟಿ ಹಿಡ್ಕೋ,” ಎಂದು ಹೆಂಡತಿಗೆ ಕಿರುಚಿದ. ಬಿಟ್ಟ.

ಬಲಗೈ ಅವನನ್ನು ಗರಗಸದತ್ತ ಎಳೆಯುತ್ತಿತ್ತು. ಅವನು ನೆಲಕ್ಕೆ ಬಿದ್ದು, ಮೊಣಕಾಲಲ್ಲಿ ತೆವಳಿ, ಎದೆಯಿಂದ ಮೇಜಿಗೆ ಒರಗಿದ. ಕಿವಿಯ ಮೇಲೆ ಪೆನ್ಸಿಲಿತ್ತು. ಎಡಗೈಯಲ್ಲಿ ತೆಗೆದ. ಆ ಕೈ ಒಂದು ದಿನವೂ ಒಂದಕ್ಷರ ಬರೆದಿರಲಿಲ್ಲ. ಕುಳಿ ಒದ್ದೆಯಾಗಿತ್ತು. ಮಗಳ ದುಂಡಗಿನ ಅಕ್ಷರಗಳ ಮೇಲೆ ತನ್ನ ಹೆಸರಿನ ಮೊದಲ ಅಕ್ಷರ ಒತ್ತಿದ. ಸೊಟ್ಟಗಾಯಿತು. ಎರಡನೆಯದು. ಹಿಂದೆ ಮಗಳು ಚೀರುತ್ತಿದ್ದಳು. ತಿರುಗಲಿಲ್ಲ. ಮೂರನೆಯದು. ಪೆನ್ಸಿಲಿನ ಮೊನೆ ಮುರಿಯಿತು. ಹಲ್ಲಿನಿಂದ ಕಚ್ಚಿ ಅದರ ಮರ ಸೀಳಿ ಮತ್ತೆ ಬರೆದ. ಅವಳ ಒಂದು ಗೆರೆಯೂ ಕಾಣದ ಹಾಗೆ ಬರೆದ. ಕೊನೆಯ ಅಕ್ಷರ. ಕೊನೆಯ ಕೊಂಬು.

ಹಿಂದೆ ಧೊಪ್ಪೆಂದು ಸದ್ದಾಯಿತು. ತಾಯಿ ಮಗಳು ಹಿಂದಕ್ಕೆ ಬಿದ್ದಿದ್ದರು. ಗುಬ್ಬಿ ತನ್ನ ಬಲಗೈಯನ್ನು ಎದೆಗೆ ಅವಚಿಕೊಂಡಿದ್ದಳು. ಬೆರಳು ಮಡಚಿತು. ಬಿಚ್ಚಿತು. ಐದೂ ಇದ್ದವು.

ಅವನ ಎಡ ಮಣಿಕಟ್ಟಿನ ಸುತ್ತ ಒಂದು ಕೆಂಪು ಗೆರೆ ಮೂಡಿ, ನೋಡುತ್ತಿದ್ದಂತೆಯೇ ಬಾಯಿ ತೆರೆಯಿತು.

“ಮೇಲೆ ಕರ್ಕೊಂಡು ಹೋಗು,” ಎಂದ. “ಅವಳ ಕಣ್ಣು ಮುಚ್ಚು.”

“ನೀವು ಬನ್ನಿ.”

“ಹೋಗೇ.”

ಮೊದಲು ಬಲಗೈ ಹೋಯಿತು. ಮೂಳೆಯಲ್ಲಿ ಸ್ವರ ಒಮ್ಮೆ ಇಳಿಯಿತು, ಮತ್ತೆ ಏರಿತು. ಅದೇ ಸ್ವರ, ನಿನ್ನೆ ಸ್ಪೀಕರಿನಲ್ಲಿ ಕೇಳಿದ್ದು. ಅವನು ಮರದ ಪುಡಿಯಲ್ಲಿ ಮಿಡುಕುತ್ತಿದ್ದ ತನ್ನ ಬೆರಳುಗಳನ್ನು ನೋಡಿದ. ಆಮೇಲೆ ಎಡಗೈ ಎದ್ದಿತು. ಅದಕ್ಕೆ ಅವಸರವಿರಲಿಲ್ಲ. ಅವನು ಎದುರು ನಿಲ್ಲಲೂ ಇಲ್ಲ. ಮೆಟ್ಟಿಲ ಮೇಲೆ ಮಗಳ ಹೆಜ್ಜೆಯ ಸದ್ದು ಎಣಿಸುತ್ತಿದ್ದ. ಬಾಗಿಲು ಮುಚ್ಚಿದ ಸದ್ದು ಕೇಳಿತು. ಆಗ ಕೂಗಿದ.

ಎರಡೂ ಬಿದ್ದ ಮೇಲೆ ಗರಗಸ ತಾನಾಗಿ ನಿಂತಿತು.

ಆಸ್ಪತ್ರೆಯಿಂದ ಬರಲು ತಿಂಗಳಾಯಿತು. ಬಂದವನು ಮಾಡಿದ ಮೊದಲ ಕೆಲಸ ಆ ಗಿಟಾರಿನದ್ದು. ಮಾಡಿದ್ದು ಅವನ ಬಾಯಿ, ಹೆಂಡತಿಯ ಕೈ. ಕುಳಿಯ ತುಂಬ ಅಂಟು ಸುರಿಸಿ, ಕತ್ತು ಕೂರಿಸಿ, ನಾಲ್ಕು ಸ್ಕ್ರೂ ಬಿಗಿಸಿ, ಇನ್ನು ಯಾವ ಪತ್ತೇದಾರನೂ ಬಿಚ್ಚದ ಹಾಗೆ ಅವುಗಳ ತಲೆ ಅರೆಸಿದ. ಸುಡಲು ಧೈರ್ಯವಿಲ್ಲ. ಮಾರಲು ಮನಸ್ಸಿಲ್ಲ. ಅದು ಕೆಲಸದ ಕೋಣೆಯಲ್ಲೇ ಗೋಡೆಯ ಕಡೆ ಮುಖ ಮಾಡಿ ನೇತಾಡುತ್ತಿದೆ. ಬಂದ ಗಿರಾಕಿಗಳು ಅದು ಎಲ್ಲಿಯದೆಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾನೆ.

ಗುಬ್ಬಿ ಬೇರೆ ಗಿಟಾರು ನುಡಿಸುತ್ತಾಳೆ. ನಡುಬೆರಳಿಗೆ ಹೊಸ ಉಗುರು ಬರುತ್ತಿದೆ. ಮಧ್ಯಾಹ್ನ ಅಪ್ಪನಿಗೆ ಊಟ ಮಾಡಿಸುವುದು ಅವಳ ಪಾಲಿಗೆ ಬಂದ ಕೆಲಸ. ಅವಳು ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಒಂದು ದಿನ ತುತ್ತನ್ನು ಅವನ ಬಾಯಿಯ ಹತ್ತಿರ ತಂದು ನಿಲ್ಲಿಸಿ ಕೇಳಿದಳು.

“ಅಪ್ಪಾ, ಆವತ್ತು ನನ್ನ ಹೆಸರಿನ ಮೇಲೆ ಯಾಕೆ ನಿನ್ನ ಹೆಸರು ಬರೆದೆ? ನಾನು ಸರಿಯಾಗಿ ಬರೆದಿರ್ಲಿಲ್ವಾ?”

ಅವನಿಗೆ ಅವಳ ತಲೆ ಸವರಬೇಕೆನಿಸಿತು. ಬಟ್ಟೆ ಸುತ್ತಿದ ಮೋಟು ತೋಳು ಅವಳ ಕೂದಲವರೆಗೆ ಎದ್ದು, ಮತ್ತೆ ತೊಡೆಯ ಮೇಲೆ ಇಳಿಯಿತು.

“ಸರಿಯಾಗೇ ಬರೆದಿದ್ದೆ ಮಗಳೇ,” ಎಂದು ಬಾಯಿ ತೆರೆದ.